12 ಸರಿಯೋ 53 ಸರಿಯೋ? ಈ ನೈಟ್ರೇಟ್ ಬಂದದ್ದಾದರೂ ಎಲ್ಲಿಂದ

ಕೊಡಪಾನ:
ಒಂದೇ ನೀರನ್ನು ಎರಡು ಲ್ಯಾಬಿಗೆ ಕೊಟ್ಟಿದ್ದೆ. ಒಂದರ ವರದಿಯಲ್ಲಿ ನೈಟ್ರೇಟ್ 12, ಇನ್ನೊಂದರಲ್ಲಿ 53. ಎರಡೂ ಲೀಟರಿಗೆ ಮಿಲಿಗ್ರಾಂ ಲೆಕ್ಕವೇ. ಯಾರನ್ನು ನಂಬೋದು? ನಮ್ಮ ಮೇಲ್ಗಡೆ ವರ್ಷಕ್ಕೆ ಎರಡು ಬೆಳೆ ತೆಗೆಯೋ ಹೊಲ ಇದೆ, ಯೂರಿಯಾ ಧಾರಾಳವಾಗಿ ಬೀಳುತ್ತೆ. 53 ನಿಜವಾದರೆ ಕಾರಣ ಬೇರೆ ಹುಡುಕಬೇಕಾ? ಹಾಂ, ಪಕ್ಕದಲ್ಲೇ ಏಳೆಂಟು ಮನೆಗಳ ಪಾಯಿಖಾನೆ ಗುಂಡಿಗಳೂ ಇವೆ.

ಪಿಪೆಟ್ಟು:
ಎರಡೂ ಲ್ಯಾಬು ಸರಿ. 12 ಅಂದವರು ನೈಟ್ರೇಟಿನೊಳಗಿನ ನೈಟ್ರೋಜನ್ ಅಷ್ಟನ್ನೇ ಲೆಕ್ಕ ಹಿಡಿದಿದ್ದಾರೆ, 53 ಅಂದವರು ಆಕ್ಸಿಜನ್ನೂ ಸೇರಿಸಿ ಇಡೀ ನೈಟ್ರೇಟನ್ನು. 12ನ್ನು 4.43ರಿಂದ ಗುಣಿಸಿ ನೋಡಿ, ಹೊಂದುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ 50 ಇಡೀ ನೈಟ್ರೇಟಿನ ಲೆಕ್ಕ, ಅಮೆರಿಕದ 10 ನೈಟ್ರೋಜನ್ ಲೆಕ್ಕ. ಯಾವ ಅಳತೆಗೋಲು ಹಿಡಿದರೂ ನಿಮ್ಮ ನೀರು ಗೆರೆ ದಾಟಿದೆ. ಮನೆಯಲ್ಲಿ ಬಾಟಲಿ ಹಾಲಿನ ಕೂಸಿದ್ದರೆ ಈ ನೀರಲ್ಲಿ ಹಾಲಿನ ಪುಡಿ ಕಲಸಬೇಡಿ. ಕುದಿಸಿದರೂ ಹೋಗಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ.

ನೇಗಿಲ ಸಾಲು:
ಶುರುವಾಯ್ತು. ನೀರು ಕೆಟ್ಟರೆ ಹೊಲದವನು, ಗಾಳಿ ಕೆಟ್ಟರೆ ಹೊಲದವನು. ಏಳೆಂಟು ಗುಂಡಿಗಳನ್ನು ಕೊನೆಯ ಸಾಲಲ್ಲಿ 'ಹಾಂ' ಅಂತ ಸೇರಿಸಿದ್ದೀರಲ್ಲ ಅಣ್ಣ, ಅದನ್ನೇ ಮೊದಲ ಸಾಲಲ್ಲಿ ಬರೆದಿದ್ದರೆ ಇಲ್ಲಿನವರೆಲ್ಲ ಗುಂಡಿಯನ್ನೇ ಬೈತಿದ್ದರು.

ಪುರಾವೆ ಎಲ್ಲಿ:
ಜಗಳ ಯಾಕೆ? ಐಸೊಟೋಪ್ ಪರೀಕ್ಷೆ ಮಾಡಿಸಿ. ಐಸೊಟೋಪ್ ಅಂದರೆ ಒಂದೇ ಧಾತುವಿನ ಹಗುರ, ಭಾರದ ಪರಮಾಣುಗಳು. ಭಾರದ ನೈಟ್ರೋಜನ್, ಅಂದರೆ ನೈಟ್ರೋಜನ್-15, ಎಷ್ಟಿದೆ ನೋಡಿದರೆ ಗೊಬ್ಬರದ್ದೋ ಮಲದ್ದೋ ತಿಳಿಯುತ್ತೆ. ಬೆರಳಚ್ಚು ಇದ್ದ ಹಾಗೆ.

ಬಂಡೆ ಬಿರುಕು:
ಬೆರಳಚ್ಚು ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಕಸಿವಿಸಿ. ಬೆರಳಚ್ಚು ಒಬ್ಬನದು ಇನ್ನೊಬ್ಬನಿಗೆ ಹೊಂದಲ್ಲ, ಇದು ಹಾಗಲ್ಲ.

ಯೂರಿಯಾದ ನೈಟ್ರೋಜನ್ ಗಾಳಿಯಿಂದ ಹಿಡಿದದ್ದು, ಆದ್ದರಿಂದ ಅದರ ನೈಟ್ರೋಜನ್-15 ಬೆಲೆ (ಗಾಳಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅನ್ನೋ ಲೆಕ್ಕ) ಸೊನ್ನೆಯ ಆಸುಪಾಸು. ಸಗಣಿ, ಮೂತ್ರದಲ್ಲಿ ಅಮೋನಿಯಾ ಹಾರಿಹೋಗುವಾಗ ಹಗುರ ನೈಟ್ರೋಜನ್ ಮೊದಲು ಹೊರಡುತ್ತೆ, ಭಾರದ್ದು ಹಿಂದೆ ಉಳಿಯುತ್ತೆ. ಹಾಗಾಗಿ ಅಲ್ಲಿ ಬೆಲೆ ಸಾವಿರಕ್ಕೆ 10 ದಾಟೋದು, ಕೆಲವೊಮ್ಮೆ 20ರ ತನಕ ಹೋಗೋದು ಸಾಮಾನ್ಯ. ಇಲ್ಲಿಗೆ ಚೆನ್ನಾಗಿದೆ. ತೊಂದರೆ ಒಂದು: ದನದ ಕೊಟ್ಟಿಗೆ, ಮನುಷ್ಯರ ಗುಂಡಿ ಎರಡರ ಬೆಲೆಯೂ ಒಂದೇ ಜಾಗದಲ್ಲಿ ಬಂದು ಕೂರುತ್ತದೆ. ತೊಂದರೆ ಎರಡು, ಇದು ದೊಡ್ಡದು: ಆಕ್ಸಿಜನ್ ಇಲ್ಲದ ಆಳದಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ತಿಂದು ಸಾರಜನಕ ಅನಿಲ ಮಾಡುತ್ತವೆ, ಅವೂ ಹಗುರದ್ದನ್ನೇ ಮೊದಲು ತಿನ್ನುತ್ತವೆ. ಅಪ್ಪಟ ಯೂರಿಯಾದ ನೈಟ್ರೇಟ್ ಕೂಡ ಅರ್ಧ ತಿನ್ನಿಸಿಕೊಂಡು ಬಂದರೆ ಮಲದ ವೇಷದಲ್ಲಿ ನಿಲ್ಲುತ್ತೆ.

ಅದಕ್ಕೇ ನೈಟ್ರೇಟಿನೊಳಗಿನ ಭಾರದ ಆಕ್ಸಿಜನ್, ಆಕ್ಸಿಜನ್-18ನ್ನೂ ಜೊತೆಗೆ ಅಳೆಯೋದು. ತಿನ್ನಿಸಿಕೊಂಡ ನೈಟ್ರೇಟಲ್ಲಿ ಎರಡೂ ಕೈ ಹಿಡಿದುಕೊಂಡು ಏರುತ್ತವೆ, ನೈಟ್ರೋಜನ್ ಒಂದರಿಂದ ಎರಡು ಹೆಜ್ಜೆ ಏರಿದರೆ ಆಕ್ಸಿಜನ್ ಒಂದು ಹೆಜ್ಜೆ. ಆದರೆ ಈ ಏರಿಕೆ ಕಾಣೋದಕ್ಕೆ ನೀರು ಹರಿಯೋ ದಿಕ್ಕಲ್ಲಿ ಕನಿಷ್ಠ ಎರಡು ಮೂರು ಬಾವಿ ಬೇಕು. ಒಂದು ಬಾಟಲಿಯಿಂದ ಆಗೋ ಕೆಲಸ ಅಲ್ಲ.

ಪುರಾವೆ ಎಲ್ಲಿ:
ಸರಿ ಸರ್, ಬೆರಳಚ್ಚು ವಾಪಸ್ ತಗೊಂಡೆ. ಹಾಗಾದರೆ ದನ ಯಾವುದು ಜನ ಯಾವುದು ಅಂತ ಹೇಗೆ ಬಿಡಿಸ್ತೀರಿ?

ಪಿಪೆಟ್ಟು:
ದನ ಮಾಡದ ಕೆಲಸ ಹುಡುಕಬೇಕು. ಕಾರ್ಬಮಾಜೆಪಿನ್ ಅಂತ ಮೂರ್ಛೆ ರೋಗದ ಮಾತ್ರೆ ಇದೆ, ಸುಲಭಕ್ಕೆ ಕೊಳೆಯಲ್ಲ, ಮಣ್ಣಿಗೂ ಅಷ್ಟಾಗಿ ಅಂಟಲ್ಲ. ಸುಕ್ರಲೋಸ್ ಅಂತ ಕೃತಕ ಸಿಹಿ, ಅದರ ಬಹುಪಾಲು ದೇಹದಿಂದ ಹಾಗೇ ಹೊರಗೆ ಬರುತ್ತೆ. ಇವು ನೀರಲ್ಲಿ ನ್ಯಾನೋಗ್ರಾಂ ಲೆಕ್ಕದಲ್ಲಿ ಸಿಕ್ಕರೂ ಮನುಷ್ಯರ ಗುಂಡಿಯೋ ಚರಂಡಿಯೋ ಈ ಬಾವಿಗೆ ತಲುಪಿದೆ ಅಂತಲೇ ಅರ್ಥ. ಕೆಫೀನನ್ನೂ ನೋಡ್ತಾರೆ, ಆದರೆ ಅದು ಬೇಗ ಕೊಳೆಯುತ್ತೆ. ಸಿಕ್ಕರೆ ಸೋರಿಕೆ ತೀರಾ ಹೊಸದು, ಇಲ್ಲವೇ ತೀರಾ ಹತ್ತಿರದ್ದು.

ನೇಗಿಲ ಸಾಲು:
ಮೇಡಂ, ಏಳೆಂಟು ಮನೆಯಲ್ಲಿ ಯಾರಿಗೂ ಮೂರ್ಛೆ ರೋಗ ಇಲ್ಲದಿದ್ರೆ? ಯಾರೂ ಕೃತಕ ಸಿಹಿ ಮುಟ್ಟದಿದ್ರೆ? ಮಾತ್ರೆ ಸಿಗಲಿಲ್ಲ ಅಂತ ಗುಂಡಿಯನ್ನು ಬಿಟ್ಟು ಮತ್ತೆ ನನ್ನ ಹೊಲಕ್ಕೇ ಬರ್ತೀರಲ್ಲ?

ಪಿಪೆಟ್ಟು:
ನೂರಕ್ಕೆ ನೂರು ಸರಿ. ಸಿಕ್ಕರೆ ಸಾಕ್ಷಿ, ಸಿಗದಿದ್ದರೆ ಏನೂ ಅಲ್ಲ. ಪಟ್ಟಣದ ಚರಂಡಿಗೆ ಈ ಪರೀಕ್ಷೆ ನಡೆಯುತ್ತೆ, ಏಳು ಮನೆಗೆ ಅದೃಷ್ಟ ಇರಬೇಕು. ಲ್ಯಾಬಿನವಳಾಗಿ ನಾನೇ ಮೊದಲು ಹೇಳಬೇಕಿತ್ತು.

ಹಳ್ಳದ ದಂಡೆ:
ಬಾವಿಯವರ ಕಥೆ ಹಾಗೆ. ಹೊಳೆಯಲ್ಲಿ ಯಾವ ಐಸೊಟೋಪೂ ಇಲ್ಲದೆ ಅರ್ಧ ಉತ್ತರ ಸಿಗುತ್ತೆ. ಮಳೆ ಬಂದು ನೀರು ಏರುವಾಗ ನೈಟ್ರೇಟೋ ರಂಜಕವೋ ತೆಳ್ಳಗಾದರೆ, ಎಲ್ಲೋ ಒಂದು ಕೊಳವೆ ಮಳೆಯ ಹಂಗಿಲ್ಲದೆ ಒಂದೇ ಸಮ ಸುರಿಯುತ್ತಿದೆ. ನೀರಿನ ಜೊತೆ ಅದೂ ಏರಿದರೆ ನೆಲ ತೊಳೆದುಕೊಂಡು ಬರುತ್ತಿದೆ. ಏರುವಾಗ ಹಿಡಿಯಬೇಕು ಅಷ್ಟೇ. ತಿಂಗಳಿಗೊಂದು ಸಲ ಒಳ್ಳೆ ಬಿಸಿಲಿರೋ ದಿನ ಹೋಗಿ ಒಂದು ಬಾಟಲಿ ತುಂಬಿಸಿ 'ಕೀಟನಾಶಕ ಇಲ್ಲ' ಅಂತ ಬರೆಯೋರನ್ನ ನೋಡಿದ್ದೀನಿ. ಔಷಧಿ ಹೊಡೆದ ಮೇಲಿನ ಮೊದಲ ಜೋರು ಮಳೆಗೆ ಹಳ್ಳದಲ್ಲಿ ಅದು ಕೆಲವು ಗಂಟೆ ಮಾತ್ರ ಇರುತ್ತೆ. ನೀವು ಬರೋ ಹೊತ್ತಿಗೆ ಅದು ಕೆಳಗಿನೂರಿನದು.

ಪುರಾವೆ ಎಲ್ಲಿ:
ಕೀಟನಾಶಕ ಸಿಕ್ಕರೆ ಮಾತ್ರ ಹೊಲದ್ದೇ ತಾನೆ? ಅದರಲ್ಲೂ ಅನುಮಾನವಾ?

ಬಂಡೆ ಬಿರುಕು:
ಮೂಲ ರಾಸಾಯನಿಕ ಸಿಕ್ಕರೆ ಅನುಮಾನ ಕಡಿಮೆ. ಅದು ಕೊಳೆತು ಹುಟ್ಟಿದ ಮರಿ ಸಿಕ್ಕರೆ ಯೋಚನೆ ಮಾಡಿ. ಗ್ಲೈಫೋಸೇಟ್ ಕಳೆನಾಶಕ ಕೊಳೆತರೆ ಆಂಪಾ ಅನ್ನೋದು ಹುಟ್ಟುತ್ತೆ. ಬಟ್ಟೆ ಸೋಪಿನ ಪುಡಿಯಲ್ಲಿರೋ ಫಾಸ್ಫೋನೇಟ್ ಕೊಳೆತರೂ ಅದೇ ಆಂಪಾ.

ಇನ್ನು ಯಾರದ್ದು ಅನ್ನೋದಕ್ಕಿಂತ ಯಾವಾಗಿನದ್ದು ಅನ್ನೋದು ಕಷ್ಟದ ಪ್ರಶ್ನೆ. ಜರ್ಮನಿಯಲ್ಲಿ ಅಟ್ರಜಿನ್ ಕಳೆನಾಶಕ ನಿಷೇಧವಾದದ್ದು 1991ರಲ್ಲಿ. ಅದೂ ಅದರ ಮರಿ ಡೀಈಥೈಲ್ ಅಟ್ರಜಿನ್ನೂ ಎಷ್ಟೋ ವರ್ಷದ ಮೇಲೂ ಅಲ್ಲಿನ ಅಂತರ್ಜಲದಲ್ಲಿ ಸಿಗುತ್ತಲೇ ಇದ್ದವು. ಆ ಬಾವಿಯ ಮೇಲಿನ ಹೊಲದಲ್ಲಿ ಇವತ್ತು ಇರೋನು ಆ ಡಬ್ಬಿಯನ್ನು ಕಣ್ಣಲ್ಲೂ ನೋಡಿರಲ್ಲ. ಅಟ್ರಜಿನ್ ಕೆಲಸಕ್ಕೆ ಬರೋ ಒಂದು ಸುಳಿವನ್ನೂ ಕೊಡುತ್ತೆ: ತಾಯಿಗಿಂತ ಮರಿ ಜಾಸ್ತಿ ಇದ್ದರೆ ಅದು ಮಣ್ಣಲ್ಲಿ ನಿಧಾನವಾಗಿ ಇಂಗಿ ಬಂದದ್ದು. ತಾಯಿಯೇ ಜಾಸ್ತಿ ಇದ್ದರೆ ಬಂಡೆಯ ಬಿರುಕಲ್ಲೋ ಬಾವಿಯ ಬಾಯಲ್ಲೋ ನೆಟ್ಟಗೆ ಇಳಿದಿದೆ.

ನೀರಿನ ವಯಸ್ಸು, ಅಂದರೆ ಮಳೆಯಾಗಿ ಬಿದ್ದು ಎಷ್ಟು ವರ್ಷ ಆಯ್ತು ಅಂತ ಹೇಳೋಕೆ ಟ್ರಿಟಿಯಂ ಅನ್ನೋ ವಿಕಿರಣಶೀಲ ಹೈಡ್ರೋಜನ್ ಇದೆ. ಬಾಂಬ್ ಪರೀಕ್ಷೆಗಳಿಂದ ಮಳೆಗೆ ಸೇರಿ 1963ರ ಸುಮಾರಿಗೆ ಉತ್ತುಂಗಕ್ಕೆ ಹೋದದ್ದು, ಅರ್ಧಾಯುಷ್ಯ 12.3 ವರ್ಷ. ಅದು ಕಾಣದಷ್ಟು ಕಡಿಮೆ ಇದ್ದರೆ ನಿಮ್ಮ ಲೋಟದಲ್ಲಿರೋದು 1950ರ ದಶಕಕ್ಕಿಂತ ಹಿಂದಿನ ಮಳೆ.

ನೇಗಿಲ ಸಾಲು:
ಅಂದರೆ ಅಪ್ಪ ಹಾಕಿದ್ದಕ್ಕೆ ಮಗ ಬೈಸಿಕೊಳ್ಳೋದು. ನಾನು ಯೂರಿಯಾ ಅರ್ಧ ಮಾಡಿ ನಾಲ್ಕು ವರ್ಷ ಆಯ್ತು. ನೀರಲ್ಲಿ ಇಳಿದಿಲ್ಲ, 'ನೀನು ಮಾಡಿದ್ದೇನೂ ಪ್ರಯೋಜನ ಇಲ್ಲ' ಅಂತ ಮುಖಕ್ಕೇ ಹೇಳಿದರು.

ಬಂಡೆ ಬಿರುಕು:
ಹಾಗೆ ಹೇಳಿದವರಿಗೆ ನೀರಿನ ವಯಸ್ಸು ಕೇಳಿ. 20 ವರ್ಷದ ನೀರಿರೋ ಬಾವಿಯಲ್ಲಿ ನಾಲ್ಕು ವರ್ಷದ ಬದಲಾವಣೆ ಹುಡುಕೋದು ಇನ್ನೂ ಹೊರಡದ ಬಸ್ಸಿಗೆ ಮುಂದಿನ ಸ್ಟಾಪಲ್ಲಿ ಕಾದ ಹಾಗೆ.

ಪಿಪೆಟ್ಟು:
ಕೊಡಪಾನ ಅವರೇ, ಇಷ್ಟು ಹೊತ್ತು ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನೀರು ಎಲ್ಲಿಂದ ಹಿಡಿದಿರಿ?

ಕೊಡಪಾನ:
ಅಡುಗೆ ಮನೆ ನಲ್ಲಿಯಿಂದ. ಮೇಲಿನ ಟ್ಯಾಂಕಿಂದ ಬರುತ್ತೆ.

ಪಿಪೆಟ್ಟು:
ಟ್ಯಾಂಕಿಗೆ?

ಕೊಡಪಾನ:
ಬೋರ್‌ವೆಲ್ಲಿಂದ. ಹಳೇ ತೆರೆದ ಬಾವಿಗೂ ಒಂದು ಪಂಪ್ ಇದೆ, ಬೆಳಿಗ್ಗೆ ಅದು, ಸಂಜೆ ಇದು.

ಬಂಡೆ ಬಿರುಕು:
ಅಯ್ಯೋ ಮಾರಾಯ್ರೆ.

ಪಿಪೆಟ್ಟು:
ಎರಡರಿಂದಲೂ ಬೇರೆ ಬೇರೆ ಹಿಡಿಯಿರಿ, ಪಂಪಿನ ಬಾಯಲ್ಲೇ. ಬೋರ್‌ವೆಲ್ ಓಡಿಸುತ್ತಾ ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ ನೋಡ್ತಾ ಇರಿ. ಮೂರೂ ಅಲ್ಲಾಡೋದು ನಿಂತ ಮೇಲೆ ಬಾಟಲಿ ಒಡ್ಡಿ, ಅಲ್ಲಿಯ ತನಕ ಬರೋದು ಪೈಪಲ್ಲಿ ನಿಂತ ನೀರು. ನೈಟ್ರೇಟಿಗೆ ಪ್ಲಾಸ್ಟಿಕ್ ಬಾಟಲಿ ಆಗುತ್ತೆ, ಕೀಟನಾಶಕಕ್ಕೆ ಕಂದು ಗಾಜಿನದೇ ಬೇಕು. ಎರಡನ್ನೂ ಐಸಲ್ಲಿಟ್ಟು ತಡ ಮಾಡದೆ ಕೊಡಿ.

ಕೊಡಪಾನ (ಹನ್ನೆರಡು ದಿನದ ಮೇಲೆ):
ವರದಿ ಬಂತು, ಇಡೀ ನೈಟ್ರೇಟ್ ಲೆಕ್ಕದಲ್ಲಿ. ತೆರೆದ ಬಾವಿ 88, ಬೋರ್‌ವೆಲ್ 19. ನಲ್ಲಿಯ 53 ಅಂದರೆ ಎರಡೂ ಕಲೆತದ್ದು. ಕೂಸಿನ ನೀರು ಇವತ್ತಿಂದಲೇ ಬೋರ್‌ವೆಲ್ಲಿಂದ ನೇರವಾಗಿ. ಹಾಗಾದರೆ ಆಳದ ನೀರು ಚೆನ್ನಾಗಿದೆ ಅಂತ ತಿಳ್ಕೊಳ್ಳಲಾ?

ಬಂಡೆ ಬಿರುಕು:
ಕುಡಿಯೋಕೆ ನೈಟ್ರೇಟ್ ಲೆಕ್ಕದಲ್ಲಿ ಸರಿ. ಕಾರಣಕ್ಕೆ ತಡೀರಿ. 19 ಎರಡು ರೀತಿಯಲ್ಲಿ ಬರಬಹುದು: ನೀರು ಹಳೆಯದು, ಗೊಬ್ಬರ ಇನ್ನೂ ಅಲ್ಲಿಗೆ ಇಳಿದಿಲ್ಲ. ಅಥವಾ ಇಳಿದಿದೆ, ಬ್ಯಾಕ್ಟೀರಿಯಾ ತಿಂದಿವೆ. ಮೊದಲನೆಯದಾದರೆ ಮುಂದೆ ಏರುತ್ತೆ. ಬೋರ್‌ವೆಲ್ ನೀರಿನ ಕರಗಿದ ಆಕ್ಸಿಜನ್ ಅಳೆಸಿದ್ದೀರಾ? ಅದು ಇಲ್ಲದ ಕಡೆಯೇ ಬ್ಯಾಕ್ಟೀರಿಯಾ ನೈಟ್ರೇಟ್ ತಿನ್ನೋದು.

ಕೊಡಪಾನ:
ಇಲ್ಲ. ಅದಕ್ಕೂ ಬಾಟಲಿ ಕಂದು ಗಾಜಿನದಾ?

ಪಿಪೆಟ್ಟು:
ಬಾಟಲಿಯಲ್ಲಿ ತರಲೇಬೇಡಿ, ದಾರಿಯಲ್ಲೇ ಗಾಳಿ ಸೇರುತ್ತೆ. ಮೀಟರ್ ತಗೊಂಡು ಹೋಗಿ ಪಂಪಿನ ಹತ್ತಿರವೇ ನೋಡಬೇಕು.

ನೇಗಿಲ ಸಾಲು:
ಮೀಟರ್ ಸಿಕ್ಕರೆ ಹೇಳಿ, ನನ್ನ ಹೊಲದ ಬಾವಿಯದ್ದೂ ನೋಡೋಣ. ಮೇಲ್ಗಡೆ ಎಷ್ಟಿದೆ ಅಂತ ನಿಮಗೂ ಬೇಕಾಗುತ್ತಲ್ಲ.