ಲಾಂಛನವಿಲ್ಲದ ಯೂರೋ 2024 ಕಾರ್ಡ್: ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಹೇಗೆ ಹೇಳೋದು?

ಸ್ಟಟ್‌ಗಾರ್ಟ್ ಅಮ್ಮ:
ಅಮೆರಿಕದ ಕಾರ್ಡ್ ಕಂಪನಿ ಟಾಪ್ಸ್‌ನವರು ಯುರೋಪ್ ದೇಶಗಳ ಫುಟ್‌ಬಾಲ್ ಟೂರ್ನಿ ಯೂರೋ 2024ಕ್ಕೆ ತಂದ ಮ್ಯಾಚ್ ಅಟ್ಯಾಕ್ಸ್ ಆಟಗಾರರ ಕಾರ್ಡುಗಳು ಈಗ ನಮ್ಮ ಊಟದ ಮೇಜಿನ ತುಂಬ ಹರಡಿವೆ. ಈ ಊರಲ್ಲೇ ಪಂದ್ಯಗಳು ನಡೆದಿದ್ದವು, ಮಗಳ ಶಾಲೆಯಲ್ಲಿ ಬೇರೆ ಮಾತೇ ಇಲ್ಲ. ಅವಳ ತಕರಾರು ಒಂದೇ: ಜರ್ಮನಿ ಆಟಗಾರರ ಅಂಗಿ ಮೇಲೆ ಹದ್ದಿನ ಲಾಂಛನ ಯಾಕಿಲ್ಲ? ನನಗೂ ಆ ಕಾರ್ಡುಗಳು ಖಾಲಿ ಖಾಲಿ ಅನ್ನಿಸುತ್ತವೆ. ಆದರೆ ಅದೊಂದೇ ಕಾರಣಕ್ಕೆ ವಿನ್ಯಾಸ ಕೆಟ್ಟದು ಅನ್ನಬಹುದಾ? ನೀವೆಲ್ಲ ಏನೇನು ನೋಡ್ತೀರಿ?

ಹಳೇ ಕಾರ್ಡ್ ಪ್ರೇಮಿ, ಬೆಂಗಳೂರು:
ಲಾಂಛನ ವಿನ್ಯಾಸಕಾರರ ಕೈಯಲ್ಲಿರಲಿಲ್ಲ. ಯೂರೋ ಟೂರ್ನಿಯ ಸ್ಟಿಕ್ಕರ್, ಕಾರ್ಡ್ ಮಾಡುವ ಹಕ್ಕು 1980ರಿಂದ ಇಟಲಿಯ ಪಾನಿನಿ ಕಂಪನಿ ಬಳಿ ಇತ್ತು. 2024ರ ಟೂರ್ನಿಗೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಅದನ್ನು ಟಾಪ್ಸ್‌ಗೆ ಕೊಟ್ಟಿತು. ಆದರೆ ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ಇಟಲಿಯ ಫುಟ್‌ಬಾಲ್ ಸಂಸ್ಥೆಗಳ ಜೊತೆ ಪಾನಿನಿಗೆ ಆಗ ಬೇರೆಯೇ ಒಪ್ಪಂದವಿತ್ತು. ಹಾಗಾಗಿ ಟೂರ್ನಿಯ ಹೆಸರು ಟಾಪ್ಸ್ ಹಾಕಬಹುದಿತ್ತು, ಆ ತಂಡಗಳ ಅಧಿಕೃತ ಅಂಗಿ ತೋರಿಸುವಂತಿರಲಿಲ್ಲ.

ಇದು ಹೊಸದೂ ಅಲ್ಲ. 1970ರ ದಶಕದಲ್ಲಿ ಇದೇ ಟಾಪ್ಸ್ ಅಮೆರಿಕನ್ ಫುಟ್‌ಬಾಲ್ ಕಾರ್ಡ್ ಮಾಡುವಾಗ ಆ ಆಟದ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳ ಗುರುತಿಗೆ ಅನುಮತಿ ಇರಲಿಲ್ಲ. ಹೆಲ್ಮೆಟ್ ಮೇಲಿನ ಚಿಹ್ನೆಗೆ ಬಣ್ಣ ಬಳಿದು ಅಳಿಸುತ್ತಿದ್ದರು. ಲಾಂಛನ ಕಾಣಿಸಿಕೊಂಡದ್ದು 1982ರ ಸೆಟ್‌ನಲ್ಲಿ. ಅಲ್ಲಿನ ಹೆಸರಾಂತ ಆಟಗಾರ ವಾಲ್ಟರ್ ಪೇಟನ್‌ನ 1976ರ ಮೊದಲ ಕಾರ್ಡ್ ಆ ಕಾಲದ್ದೇ, ಜನ ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ.

ಗದಗ ಆಫ್‌ಸೆಟ್:
ಮೇಡಂ, ನಾನು ಪ್ರೆಸ್‌ನ್ಯಾಗ ಕೆಲಸ ಮಾಡಾಂವ. ಕಾರ್ಡ್ ಸೆಟ್ ಯಾವುದ ಇರ್ಲಿ, ನಾ ಮೊದಲ ತೆಗೆದು ನೋಡೋದು ಪ್ರತಿ ಪಾಕೀಟಿನ್ಯಾಗ ಬರೋ ಸಾದಾ ಕಾರ್ಡ್. ಹೊಳಿಯೋ ಫಾಯಿಲ್ ಹಚ್ಚಿದ್ರ ಎಂಥಾದ್ದೂ ಛಂದ ಕಾಣಸ್ತದ. ಹುಡುಗ್ರ ಕೈಗೆ ಹೆಚ್ಚು ಸಿಗೋದು ಸಾದಾವು, ವಿನ್ಯಾಸದ ತಾಕತ್ತು ಅಲ್ಲೇ ಗೊತ್ತಾಗ್ತದ.

ಲಾಂಛನ ತಗದ್ರ ಎದಿ ಮ್ಯಾಲೆ ಒಂದೇ ಬಣ್ಣದ ದೊಡ್ಡ ಬಯಲು ಉಳೀತದ. ಜರ್ಮನಿದಂತೂ ಬಿಳಿ ಅಂಗಿ. ಆಗ ವಿನ್ಯಾಸ ಮಾಡಾಂವ ಏನು ಮಾಡ್ಯಾನ ಅನ್ನೋದ ಮುಖ್ಯ. ಫೋಟೋ ಹತ್ತರ ಕತ್ತರಿಸಿ ಮುಖಾ ದೊಡ್ಡದು ಮಾಡ್ಯಾನೋ, ಸೊಂಟದ ತನಕಾ ಹಂಗ ಬಿಟ್ಟಾನೋ? ಅಂಗಿ ಮಡಿಕಿ ಉಳಿಸ್ಯಾನೋ, ಲಾಂಛನ ಅಳಿಸೋ ಭರದಾಗ ಅದನ್ನೂ ಒರಿಸ್ಯಾನೋ? ಬಿಳಿ ಬಟ್ಟಿ ನೆರಳಂದ್ರ ಅಚ್ಚಿನ್ಯಾಗ ಭಾಳ ಸಣ್ಣ ಸಣ್ಣ ಚುಕ್ಕಿ. ಅವು ಪ್ಲೇಟಿನ ಮ್ಯಾಲೆ ಬೀಳಲಿಲ್ಲಂದ್ರ ಅಂಗಿ ಹೋಗಿ ಬರೇ ಕಾಗದ ಉಳೀತದ, ಮನಶಾನೂ ರಟ್ಟಿನ ಗೊಂಬಿ ಹಂಗ ಕಾಣ್ತಾನ. ನನಗ ಲಾಂಛನ ಇಲ್ಲದ್ದಕ್ಕಿಂತ ಇದ ದೊಡ್ಡ ತಪ್ಪು.

ಆಮ್ಯಾಲೆ ಕೂದಲ ಅಂಚು. ಫೋಟೋದ ಹಿನ್ನೆಲಿ ಕತ್ತರಿಸಿ ತಗದಾಗ ಗುಂಗುರು ಕೂದಲ ಹೆಲ್ಮೆಟ್ ಹಾಕ್ಕೊಂಡಂಗ ನುಣ್ಣಗ ಆಗಿದ್ರ ಅವಸರದ ಕೆಲಸ ಅಂತ ತಿಳೀರಿ.

ಹೆಸರನ್ನ ಟ್ಯೂಬ್‌ಲೈಟ್ ಕೆಳಗ ಓರೆ ಹಿಡದು ಓದ್ರಿ. ಫಾಯಿಲ್ ಅಕ್ಷರ ಕೆಲವು ಕೋನದಾಗ ಮಾಯ ಆಗ್ತಾವ.

ಚೌಕಟ್ಟು ಎಷ್ಟು ತೆಳು ಐತಿ ನೋಡ್ರಿ. ಎರಡೂವರಿ ಇಂಚು ಅಗಲದ ಕಾರ್ಡಿನ್ಯಾಗ ಹಾಳಿ ಕತ್ತರಿಸೋ ಕತ್ತಿ ಅರ್ಧ ಮಿಲಿಮೀಟರ್ ಸರಿದ್ರೂ ತೆಳು ಚೌಕಟ್ಟು ಅದನ್ನ ಎತ್ತಿ ತೋರಸ್ತದ. ಅಂಚಿನ ತನಕಾ ಚಿತ್ರ ಹರಿಸಿದ್ರ ಅದು ಕಣ್ಣಿಗೆ ಬೀಳೂದಿಲ್ಲ. ಇದನ್ನ ತಿಳದು ವಿನ್ಯಾಸ ಮಾಡಾಂವಗ ನಾ ಅರ್ಧ ಮಾರ್ಕು ಅಲ್ಲೇ ಕೊಡ್ತೀನಿ. ಹಿಂಭಾಗ ಮರೀಬ್ಯಾಡ್ರಿ. ಗಾಢ ಹಿನ್ನೆಲಿ ಮ್ಯಾಲಿನ ಸಣ್ಣ ಬಿಳಿ ಅಕ್ಷರ ಅಚ್ಚಿನ ನಾಕು ಬಣ್ಣ ಒಂದರ ಮ್ಯಾಲೊಂದು ಸರಿಯಾಗಿ ಕೂಡಲಿಲ್ಲಂದ್ರ ಮಸುಕಾಗ್ತಾವ.

ಸ್ಟಟ್‌ಗಾರ್ಟ್ ಅಮ್ಮ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಹಕ್ಕಿನ ಕಥೆ ಹೇಳಿದೆ, ಮಗಳು ಶಾಲೆಯಲ್ಲಿ ಎಲ್ಲರಿಗೂ ಹೇಳಲು ಕಾಯ್ತಿದ್ದಾಳೆ. ಈಗ ಕಾರ್ಡುಗಳನ್ನು ದೇಶದ ಪ್ರಕಾರ ಬಿಟ್ಟು, ಅಂಗಿಯ ಮಡಿಕೆ ಕಾಣೋದು ಒಂದು ಕಡೆ, ಕಾಣದ್ದು ಇನ್ನೊಂದು ಕಡೆ ಅಂತ ಜೋಡಿಸಿದ್ದಾಳೆ. ಚೌಕಟ್ಟು ಅಳೆಯೋಕೆ ಸ್ಕೇಲ್ ಸಾಕಾ?

ಗದಗ ಆಫ್‌ಸೆಟ್:
ಸ್ಕೇಲಿಗಿಂತ ಕಣ್ಣು ಛಲೋ. ಕಾರ್ಡ್ ತಲಿಕೆಳಗ ಮಾಡಿ ನೋಡ್ಲಿ. ಮುಖದ ಮ್ಯಾಲಿನ ಲಕ್ಷ್ಯ ಹೋಗಿ ಎಡ ಬಲ ಚೌಕಟ್ಟಿನ ವ್ಯತ್ಯಾಸ ತಾನ ಕಾಣ್ತದ. ನಾವು ಪ್ರೆಸ್‌ನ್ಯಾಗ ಪ್ರೂಫ್ (ಪರೀಕ್ಷೆಗೆ ತಗದ ಅಚ್ಚಿನ ಪ್ರತಿ) ನೋಡೋದೂ ಹಂಗ.