ಪದಚರ್ಚೆ: ಫೋನಿನಲ್ಲಿ ‘ಬಿಡಿ’ ಅಂದರೆ ಯಾವ ಅರ್ಥ?

ತುಮಕೂರಿನ ಫಾರ್ಮಸಿ ವಿದ್ಯಾರ್ಥಿಗಳಿಗೆ ಫೋನಿನಲ್ಲಿ ಔಷಧ ಸಲಹೆ ಕೊಡುವ ಅಭ್ಯಾಸಕ್ಕೆಂದು ಸಂಭಾಷಣೆ ಬರೆಯುತ್ತಿದ್ದೇವೆ. ‘ಟೆಲಿಫಾರ್ಮಸಿ’ ಹಾಗೇ ಇರಲಿ, ಅದಕ್ಕೆ ಕನ್ನಡ ಪದ ಬೇಡ. ತೊಡಕಿರುವುದು ‘ಬಿಡು’ ಧಾತುವಿನಲ್ಲಿ.

‘ತಗೊಂಡ್ಬಿಡಿ’ ಅಂದರೆ ನುಂಗಿ. ‘ತಗೊಳ್ಳೋದ್ ಬಿಡಿ’ ಅಂದರೆ ನಿಲ್ಲಿಸಿ. ಸಿಗ್ನಲ್ ಕಡಿದಾಗ ಕಿವಿಗೆ ಉಳಿಯುವುದು ‘ಬಿಡಿ’ ಒಂದೇ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡವರು ಹಾಗೆ ತಪ್ಪು ತಿಳಿದು ಥಟ್ಟನೆ ನಿಲ್ಲಿಸಿದರೆ, ದೇಹದ ಸ್ವಂತ ಸ್ಟೀರಾಯ್ಡ್ ಮಾಡುವ, ಅಷ್ಟು ದಿನ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ಕೂಡಲೇ ಕೆಲಸಕ್ಕೆ ಬಾರದೆ ರಕ್ತದೊತ್ತಡ ಕುಸಿಯಬಹುದು.

ಇನ್‌ಹೇಲರ್ ಹೇಳಿಕೊಡುವಾಗಲೂ ಇದೇ ಕಾಟ. ಕುಲುಕಿ, ಮೊದಲು ಉಸಿರು ಪೂರ್ತಿ ಬಿಡಿ, ಆಮೇಲೆ ಬಾಯಿಗಿಟ್ಟು ತುಟಿ ಮುಚ್ಚಿ, ನಿಧಾನಕ್ಕೆ ಎಳೆಯುತ್ತಾ ಒತ್ತಿ, 10 ಸೆಕೆಂಡ್ ಹಿಡಿಯಿರಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ‘ಬಿಡಿ’ಯನ್ನು ಒತ್ತುವುದಕ್ಕೆ ಹೊಂದಿಸಿಕೊಂಡರೆ ಔಷಧವೆಲ್ಲ ಉಸಿರಿನ ಜೊತೆ ಆಚೆಗೇ. ‘ಉಸಿರು ಹೊರಗೆ ಊದಿ’ ಅಂತ ಬದಲಿಸಿದ್ದೇವೆ. ಕಣ್ಣಿನ ಹನಿಗೆ ‘ಬಿಡಿ’ ತೆಗೆದು ‘ಹಾಕಿ’ ಮಾಡಿದ್ದೇವೆ.

ಪ್ರಶ್ನೆ ಇದು: ‘ದಿನ ಬಿಟ್ಟು ದಿನ’ದಲ್ಲಿ ಗೊಂದಲವಿಲ್ಲ. ಸೋಮವಾರ ನುಂಗಿದವರಿಗೆ ‘ಎರಡು ದಿನ ಬಿಟ್ಟು’ ಅಂದರೆ ಬುಧವಾರವೋ ಗುರುವಾರವೋ? ಬಲ್ಲವರು ತಿಳಿಸಿ.

ಉತ್ತರ, ಚಿಂತಾಮಣಿ ಕಡೆಯಿಂದ:

ಎರಡೂ ಅರ್ಥ ಚಾಲ್ತಿಯಲ್ಲಿವೆ ಸಾರ್. ‘ಎರಡು ದಿನ ಬಿಟ್ಟು ಬಾ’ ಅಂದರೆ ಕೆಲವರು ನಾಡಿದ್ದೇ ಬಂದು ನಿಲ್ಲುತ್ತಾರೆ. ಆದ್ದರಿಂದ ಎಣಿಕೆ ಕೈಬಿಟ್ಟು ವಾರದ ಹೆಸರೇ ಹೇಳಿಸಿ. ಮೆಥೊಟ್ರೆಕ್ಸೇಟ್ ಮಾತ್ರೆಗಂತೂ ‘ವಾರಕ್ಕೊಂದು ಸಲ’ ಸಾಲದು. ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ನುಂಗಬೇಕಾದ್ದನ್ನು ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಮೂಳೆಮಜ್ಜೆ ಸೊರಗುತ್ತದೆ, ಪ್ರಾಣಕ್ಕೇ ಬರಬಹುದು. ‘ಸೋಮವಾರ ಸೋಮವಾರ, ಬೇರೆ ದಿನ ಬೇಡ’ ಅನ್ನಿ. ಆ ದ್ವಿರುಕ್ತಿ ಅಜ್ಜಿಯರಿಗೂ ಸಲೀಸು.

ಬಾಗೇಪಲ್ಲಿ, ಮುಳಬಾಗಿಲು ಕಡೆ ತೆಲುಗು ಮನೆಮಾತಿನವರು ಬಹಳ. ಅವರಲ್ಲಿ ‘ರೋಜು ವಿಡಿಚಿ ರೋಜು’ ಅಂದರೆ ನಮ್ಮ ದಿನ ಬಿಟ್ಟು ದಿನವೇ. ನಿಲ್ಲಿಸುವುದಕ್ಕೆ ‘ಮಾನೇಯಂಡಿ’ ಬೇರೆಯೇ ಇದೆ. ಕನ್ನಡದಲ್ಲೂ ಆ ಕೆಲಸ ‘ನಿಲ್ಲಿಸಿ’ಗೆ ಮಾತ್ರ ಒಪ್ಪಿಸಿ.

ಅಭ್ಯಾಸದಲ್ಲಿ ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಮುಖ ಕಾಣಬಾರದು. ‘ಗೊತ್ತಾಯ್ತಾ?’ ಅಂದವರಿಗೆ ಅಂಕ ಕಳೆಯಿರಿ, ಅದಕ್ಕೆ ಸಿಗುವುದು ಬರೀ ‘ಹ್ಞೂಂ’. ‘ಯಾವ್ಯಾವ ದಿನ ನುಂಗ್ತೀರಿ, ಒಂದ್ಸಲ ನೀವೇ ಹೇಳಿಮ್ಮಾ’ ಅಂತ ಕೇಳಿಸಿ.