104 ಕೆಜಿ, ಸಕ್ಕರೆ ಕಾಯಿಲೆ, ಬಿಪಿ, ಮಂಡಿ ಸವೆತ: ವ್ಯಾಯಾಮ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತಗೋತಾರೆ. ಪಾದಗಳಲ್ಲಿ ಜೋಮು. ಡಾಕ್ಟರು ವ್ಯಾಯಾಮಕ್ಕೆ ಒಪ್ಪಿದ್ದಾರೆ, ಆದರೆ ಹತ್ತು ನಿಮಿಷ ನಡೆದರೆ ಮಂಡಿ ನೋವು. ವ್ಯಾಯಾಮದಲ್ಲಿ ನಾಡಿ ನಿಮಿಷಕ್ಕೆ 120 ಮುಟ್ಟಲೇಬೇಕಾ?

ಉತ್ತರ 1: 120ರ ಲೆಕ್ಕ ಬಿಡಿ. ಮೆಟೊಪ್ರೊಲಾಲ್ ನಾಡಿಯನ್ನೇ ತಗ್ಗಿಸುತ್ತೆ. ಆ ಅಂಕಿ ಮುಟ್ಟಿಸಲು ಹೋದರೆ ಅತಿಯಾಗುತ್ತೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ಅಳತೆ.

ಕುರ್ಚಿಯಿಂದ ಶುರು ಮಾಡಿಸಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ, ಮೇಲೆ ಜಾರದ ಗಟ್ಟಿ ದಿಂಬು. ಎತ್ತರ ಹೆಚ್ಚಿದಷ್ಟೂ ಮಂಡಿ ಕಡಿಮೆ ಮಡಚುತ್ತೆ. ಪಾದ ಹಿಂದಕ್ಕೆಳೆದು, ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಮೂರೆಣಿಸುತ್ತಾ ಕೂರಬೇಕು, ಧೊಪ್ಪನೆ ಅಲ್ಲ. 5 ಸಲ, 2 ಸುತ್ತು, ವಾರಕ್ಕೆ 3 ದಿನ. ನೋವು ಮರುದಿನಕ್ಕೂ ಉಳಿದರೆ ಕುರ್ಚಿ ಇನ್ನಷ್ಟು ಎತ್ತರಿಸಿ, ಸಲ ಕಡಿಮೆ ಮಾಡಿ. ಉಸಿರು ಬಿಗಿಹಿಡಿದರೆ ಬಿಪಿ ಜಿಗಿಯುತ್ತೆ, ಇದು ತುಂಬಾ ಜನ ಮಾಡೋ ತಪ್ಪು.

ಉತ್ತರ 2: ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದು, ಅದಕ್ಕೇ ವ್ಯಾಯಾಮಕ್ಕೆ ಮೊದಲು ಸಕ್ಕರೆ ನೋಡಿ. 90ಕ್ಕಿಂತ ಕಡಿಮೆಯಿದ್ದರೆ ಒಂದು ಏಲಕ್ಕಿ ಬಾಳೆಹಣ್ಣು ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಿ. 70ಕ್ಕಿಂತ ಕೆಳಗಿದ್ದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕೊಡಿ, ಆವತ್ತು ವ್ಯಾಯಾಮ ಬೇಡ. ಸಕ್ಕರೆ ಇಳಿದಾಗ ಬರೋ ನಡುಕ, ಎದೆಬಡಿತವನ್ನು ಮೆಟೊಪ್ರೊಲಾಲ್ ಮುಚ್ಚಿಬಿಡಬಹುದು. ತಣ್ಣನೆ ಬೆವರು ಬಂತಾ ಗಮನಿಸಿ. ಜೋಮಿರೋ ಕಾಲಿಗೆ ಬರಿಗಾಲ ನಡಿಗೆ ಬೇಡವೇ ಬೇಡ. ಮುಗಿದ ಮೇಲೆ ಅಂಗಾಲು, ಬೆರಳ ಸಂದಿ ನೋಡಿ. ಗುಳ್ಳೆ ಎದ್ದಿದ್ದರೂ ಅವರಿಗೆ ಗೊತ್ತಾಗಲ್ಲ.

ಪ್ರಶ್ನೆ ಕೇಳಿದವರು: ವಾಕಿಂಗ್ ಪೂರ್ತಿ ನಿಲ್ಲಿಸಲಾ?

ಉತ್ತರ 1: ಬೇಡ. ಮೂರು ಹೊತ್ತೂ ಊಟವಾದ ಮೇಲೆ 5 ನಿಮಿಷ, ಸಮತಟ್ಟಾದ ಜಾಗದಲ್ಲಿ. ಎದೆ ಬಿಗಿದರೆ ಅಲ್ಲೇ ಕೂರಿಸಿ, ತಕ್ಷಣ 108ಕ್ಕೆ ಕರೆ ಮಾಡಿ.